ಡಿಕ್ಕಿಯಲ್ಲೊಂದು ಫ್ರಿಜ್: ಬ್ಯಾಟರಿಗಿಂತ ಮೊದಲು ವೈರ್ ನೋಡಿ

ರಾತ್ರಿ ಟೆಂಟ್ ಹಾಕಿ ಮಲಗುವಾಗ ಸರಿಯಿದ್ದ ಫ್ರಿಜ್ ಬೆಳಿಗ್ಗೆ ನೋಡಿದರೆ ನಿಂತಿರುತ್ತದೆ. ಡಿಸ್‌ಪ್ಲೇ ಮೇಲೆ ಲೋ ವೋಲ್ಟೇಜ್ ಎರರ್ ಮಿನುಗುತ್ತಿರುತ್ತದೆ, ಒಳಗಿನ ದೋಸೆ ಹಿಟ್ಟು ಉಕ್ಕಿ ಡಬ್ಬಿಯ ಮುಚ್ಚಳ ಎತ್ತಿಬಿಟ್ಟಿರುತ್ತದೆ. ಬ್ಯಾಟರಿ ಡೌನ್ ಆಯಿತು ಅಂತ ಗಾಬರಿಬಿದ್ದು ಕೀ ತಿರುಗಿಸಿದರೆ ಗಾಡಿ ಒಂದೇ ಸೆಲ್ಫ್‌ಗೆ ಸ್ಟಾರ್ಟ್. ಅಂದರೆ ಬ್ಯಾಟರಿಯಲ್ಲಿ ಕರೆಂಟ್ ಇತ್ತು, ಫ್ರಿಜ್‌ವರೆಗೆ ತಲುಪಲಿಲ್ಲ, ಅಷ್ಟೇ.

ಇಲ್ಲಿ ಹೆಚ್ಚಿನವರು ಮಾಡುವುದು ಎರಡರಲ್ಲಿ ಒಂದು ಕೆಲಸ. ಒಂದೋ ಫ್ರಿಜ್‌ನ ಬ್ಯಾಟರಿ ಪ್ರೊಟೆಕ್ಷನ್ ಸೆಟ್ಟಿಂಗನ್ನು, ಅಂದರೆ ಎಷ್ಟು ವೋಲ್ಟ್‌ಗೆ ಇಳಿದರೆ ಫ್ರಿಜ್ ತಾನೇ ನಿಲ್ಲಬೇಕು ಅನ್ನುವುದನ್ನು, ಹೈನಿಂದ ಲೋಗೆ ಇಳಿಸುತ್ತಾರೆ, ಇಲ್ಲವೇ ಮೂವತ್ತು ನಲವತ್ತು ಸಾವಿರ ಸುರಿದು ಎರಡನೇ ಬ್ಯಾಟರಿ ತರುತ್ತಾರೆ. ಮೊದಲನೆಯದು ಅಪಾಯ, ಎರಡನೆಯದು ಬಹಳ ಸಲ ಅನಾವಶ್ಯಕ. ತಪ್ಪು ಇರುವುದು ಡಿಕ್ಕಿಯ ಆ ಸಿಗರೇಟ್ ಲೈಟರ್ ಸಾಕೆಟ್‌ನಲ್ಲಿ, ಅದರ ಹಿಂದಿರುವ ದಾರದಂಥ ವೈರ್‌ನಲ್ಲಿ.

ಸಾಕೆಟ್ ಏಕೆ ಕೈಕೊಡುತ್ತದೆ

40ರಿಂದ 45 ಲೀಟರ್‌ನ ಕಂಪ್ರೆಸರ್ ಫ್ರಿಜ್ ಓಡುವಾಗ 45ರಿಂದ 60 ವಾಟ್ ಎಳೆಯುತ್ತದೆ. 12 ವೋಲ್ಟ್‌ನಲ್ಲಿ ಅದು 4ರಿಂದ 5 ಆಂಪ್. ದೊಡ್ಡ ಲೋಡ್ ಏನಲ್ಲ, ಹೆಡ್‌ಲೈಟಿನ ಒಂದು ಬಲ್ಬಿನಷ್ಟು. ಆದರೆ ಹೆಡ್‌ಲೈಟಿಗೆ ಅರ್ಧ ವೋಲ್ಟ್ ಕಡಿಮೆಯಾದರೆ ಬೆಳಕು ಸ್ವಲ್ಪ ಮಂಕಾಗುತ್ತದೆ, ಫ್ರಿಜ್‌ಗೆ ಅರ್ಧ ವೋಲ್ಟ್ ಕಡಿಮೆಯಾದರೆ ಅದು ನಿಂತೇ ಹೋಗುತ್ತದೆ.

ತಾಮ್ರದ ವೈರ್‌ನ ಲೆಕ್ಕ ಸರಳ. ಒಂದು ಸ್ಕ್ವೇರ್ ಎಂಎಂ ದಪ್ಪದ ವೈರ್ ಒಂದು ಮೀಟರಿಗೆ 0.0175 ಓಮ್ ತಡೆ ಒಡ್ಡುತ್ತದೆ. ಬಾನೆಟ್‌ನ ಬ್ಯಾಟರಿಯಿಂದ ಡಿಕ್ಕಿಗೆ 5 ಮೀಟರ್ ಎಂದರೆ ಹೋಗಿ ಬರುವುದು ಸೇರಿ 10 ಮೀಟರ್. ಸಾಕೆಟ್‌ಗೆ ಕಂಪನಿ ಹಾಕಿರುವ ವೈರ್ 1 ಸ್ಕ್ವೇರ್ ಎಂಎಂ ಆಗಿದ್ದರೆ ಒಟ್ಟು 0.175 ಓಮ್. 5 ಆಂಪ್ ಹರಿದಾಗ 0.87 ವೋಲ್ಟ್ ದಾರಿಯಲ್ಲೇ ಕರಗುತ್ತದೆ. ಪ್ಲಗ್‌ನ ತುದಿಯಲ್ಲಿ ಸ್ಪ್ರಿಂಗ್ ಒತ್ತಡದ ಮೇಲೆ ನಿಂತಿರುವ ಕಾಂಟ್ಯಾಕ್ಟ್‌ನಲ್ಲಿ ಇನ್ನೂ 0.1 ವೋಲ್ಟ್ ಹೋಯಿತು ಅನ್ನಿ. ಬ್ಯಾಟರಿಯಲ್ಲಿ 12.5 ವೋಲ್ಟ್ ಇದ್ದರೆ, ಅಂದರೆ ಸುಮಾರು ಮುಕ್ಕಾಲಿಗೂ ಮೇಲೆ ತುಂಬಿದ್ದರೂ, ಫ್ರಿಜ್ ಕಾಣುವುದು 11.5 ಮಾತ್ರ. ಹೈ ಸೆಟ್ಟಿಂಗ್‌ನ ಕಟ್-ಆಫ್ ಹಲವು ಫ್ರಿಜ್‌ಗಳಲ್ಲಿ 11.8ರ ಆಸುಪಾಸಿನಲ್ಲಿರುತ್ತದೆ. ಕಥೆ ಅಲ್ಲಿಗೇ ಮುಗಿಯಿತು.

ಇನ್ನೊಂದು ಸೂಕ್ಷ್ಮ. ಈ ಕಂಪ್ರೆಸರ್‌ಗಳನ್ನು ಎಲೆಕ್ಟ್ರಾನಿಕ್ ಬೋರ್ಡ್ ಓಡಿಸುತ್ತದೆ. ಅದಕ್ಕೆ ಬೇಕಾದ ವಾಟ್ ಹೆಚ್ಚು ಕಡಿಮೆ ಅಷ್ಟೇ ಇರುವುದರಿಂದ, ವೋಲ್ಟೇಜ್ ಇಳಿದಷ್ಟೂ ಅದು ಹೆಚ್ಚು ಆಂಪ್ ಎಳೆಯುತ್ತದೆ. ಹೆಚ್ಚು ಆಂಪ್ ಎಳೆದರೆ ವೈರ್‌ನಲ್ಲಿ ಇನ್ನಷ್ಟು ವೋಲ್ಟ್ ನಷ್ಟ. ಕಟ್ ಆದ ತಕ್ಷಣ ಕರೆಂಟ್ ಹರಿಯುವುದು ನಿಲ್ಲುತ್ತದೆ, ವೋಲ್ಟೇಜ್ ಮತ್ತೆ 12.5ಕ್ಕೆ ಏರುತ್ತದೆ, ಫ್ರಿಜ್ ಮತ್ತೆ ಹೊರಡುತ್ತದೆ, ಮತ್ತೆ ಕಟ್. ಬಿಕ್ಕಳಿಕೆ ಬಂದ ಹಾಗೆ ಕಂಪ್ರೆಸರ್ ಎರಡು ಮೂರು ನಿಮಿಷಕ್ಕೊಮ್ಮೆ ಗುರ್ ಅಂದು ಸುಮ್ಮನಾಗುತ್ತಿದ್ದರೆ ಇದೇ ಕಾಯಿಲೆ ಅಂತ ತಿಳಿಯಬೇಕು.

ಆಗ ಸೆಟ್ಟಿಂಗನ್ನು ಲೋಗೆ ಇಳಿಸಿದರೆ ಬಿಕ್ಕಳಿಕೆ ನಿಲ್ಲುತ್ತದೆ, ನಿಜ. ಆದರೆ ಲೋ ಎಂದರೆ ಕೆಲವು ಫ್ರಿಜ್‌ಗಳಲ್ಲಿ 10.1 ವೋಲ್ಟ್, ಕೆಲವದರಲ್ಲಿ ಅದಕ್ಕೂ ಕೆಳಗೆ. ಅಲ್ಲಿಗೆ ಬರುವ ಹೊತ್ತಿಗೆ ಗಾಡಿಯ ಬ್ಯಾಟರಿ ಪೂರ್ತಿ ಕೂತಿರುತ್ತದೆ, ಬೆಳಿಗ್ಗೆ ತಳ್ಳಲು ಜನ ಹುಡುಕಬೇಕು. ಆಟೋಮ್ಯಾಟಿಕ್ ಗೇರ್ ಗಾಡಿಯಾದರೆ ತಳ್ಳಿಯೂ ಪ್ರಯೋಜನವಿಲ್ಲ. ಗಾಡಿಯ ಬ್ಯಾಟರಿಯಿಂದ ನೇರ ಓಡಿಸುವವರು ಹೈ ಬಿಟ್ಟು ಕೆಳಗೆ ಇಳಿಸಲೇಬಾರದು.

ದಿನಕ್ಕೆ ಎಷ್ಟು ಕುಡಿಯುತ್ತದೆ

ಫ್ರಿಜ್ ಸದಾ ಓಡುವುದಿಲ್ಲ. 50 ವಾಟ್‌ನ ಕಂಪ್ರೆಸರ್ ಡಿಸೆಂಬರ್‌ನ ಮಡಿಕೇರಿಯಂಥ ಕಡೆ, ಒಳಗೆ 4 ಡಿಗ್ರಿ ಇಟ್ಟರೆ, ನೂರಕ್ಕೆ 25ರಿಂದ 30ರಷ್ಟು ಹೊತ್ತು ಮಾತ್ರ ಓಡುತ್ತದೆ. 28 ಅಂತ ಹಿಡಿದರೆ 24 ಗಂಟೆಗೆ 336 ವಾಟ್-ಅವರ್, ಅಂದರೆ 12.8 ವೋಲ್ಟ್‌ನ ಬ್ಯಾಟರಿಯಲ್ಲಿ 26 ಎಎಚ್ (ಆಂಪ್-ಅವರ್). ಅದೇ ಫ್ರಿಜ್ ಏಪ್ರಿಲ್‌ನಲ್ಲಿ ಹಂಪಿಯ ಬಿಸಿಲಿಗೆ ನಿಲ್ಲಿಸಿದ ಗಾಡಿಯೊಳಗೆ ಇದ್ದರೆ ಮೂರರಲ್ಲಿ ಎರಡು ಪಾಲು ಹೊತ್ತು ಓಡುತ್ತಲೇ ಇರುತ್ತದೆ, ದಿನಕ್ಕೆ 60 ಎಎಚ್ ದಾಟುತ್ತದೆ. ಮೈನಸ್ 18ಕ್ಕೆ ಇಟ್ಟು ಮೀನು ಹೆಪ್ಪುಗಟ್ಟಿಸುವ ಆಸೆ ಇದ್ದರೆ ಈ ಲೆಕ್ಕವೆಲ್ಲ ಬಿಟ್ಟು ಬೇರೆಯದೇ ಲೆಕ್ಕ ಹಾಕಬೇಕು.

ಇವೆಲ್ಲ ಕಂಪ್ರೆಸರ್ ಇರುವ ಫ್ರಿಜ್‌ನ ಮಾತು. ನಾಲ್ಕೈದು ಸಾವಿರಕ್ಕೆ ಸಿಗುವ, ಬರೀ ಫ್ಯಾನ್ ಸದ್ದು ಮಾಡುವ ಥರ್ಮೋ-ಎಲೆಕ್ಟ್ರಿಕ್ ಕೂಲರ್ ಬಿಡುವಿಲ್ಲದೆ 4 ಆಂಪ್ ಎಳೆದು, ಹೊರಗಿನ ಬಿಸಿಗಿಂತ ಹೆಚ್ಚೆಂದರೆ 18-20 ಡಿಗ್ರಿ ಇಳಿಸುತ್ತದೆ. ಹೊರಗೆ 38 ಇದ್ದರೆ ಒಳಗೆ 18. ಹಾಲು ಉಳಿಯುವುದಿಲ್ಲ, ಬ್ಯಾಟರಿಯೂ ಉಳಿಯುವುದಿಲ್ಲ.

ಹೊರಗಿನ ಬಿಸಿಯ ಹಾಗೆಯೇ ಕರೆಂಟ್ ತಿನ್ನುವುದು ಒಳಗೆ ತುಂಬಿದ ಬಿಸಿ ಸಾಮಾನು. 30 ಡಿಗ್ರಿಯ 20 ಲೀಟರ್ ನೀರಿನ ಬಾಟಲಿಗಳನ್ನು 4 ಡಿಗ್ರಿಗೆ ತರಬೇಕಾದರೆ 600 ವಾಟ್-ಅವರ್‌ನಷ್ಟು ಬಿಸಿ ಹೊರಹಾಕಬೇಕು. ಸಣ್ಣ ಕಂಪ್ರೆಸರ್ ಒಂದು ಯೂನಿಟ್ ಕರೆಂಟ್‌ಗೆ ಒಂದೂ ಕಾಲು, ಒಂದೂವರೆ ಯೂನಿಟ್ ಬಿಸಿ ಹೊರಹಾಕುತ್ತದೆ ಅಂತ ಹಿಡಿದರೂ ಇದಕ್ಕೇ 31ರಿಂದ 37 ಎಎಚ್ ಬೇಕು. ತಂಪು ಜಾಗದಲ್ಲಿ ಒಂದೂ ಕಾಲು ದಿನ ಓಡಿಸುವಷ್ಟು ಕರೆಂಟ್ ಬರೀ ನೀರು ತಣ್ಣಗೆ ಮಾಡಲು ಹೋಗುತ್ತದೆ. ಆದ್ದರಿಂದ ಹೊರಡುವ ಹಿಂದಿನ ರಾತ್ರಿ ಮನೆಯ 230 ವೋಲ್ಟ್‌ನ ಅಡಾಪ್ಟರ್ ಹಾಕಿ ಫ್ರಿಜ್ ಓಡಿಸಿ. ಒಳಗೆ ಹಾಕುವ ಸಾಮಾನೂ ಮನೆಯ ಫ್ರಿಜ್‌ನಲ್ಲಿ ತಣ್ಣಗಾಗಿರಲಿ, ಎರಡು ಬಾಟಲಿ ನೀರು ಫ್ರೀಜರ್‌ನಲ್ಲಿ ಗಟ್ಟಿಯಾಗಿದ್ದರೆ ಇನ್ನೂ ಒಳ್ಳೆಯದು. ಕಾಸು ಖರ್ಚಿಲ್ಲದೆ ಸಿಗುವ ಬ್ಯಾಟರಿ ಇದು.

ಒಂದೇ ರಾತ್ರಿಯಾದರೆ: ನೇರ ಲೈನ್ ಸಾಕು

ಡೀಸೆಲ್ ಎಸ್‌ಯುವಿಯಲ್ಲಿ 65 ಎಎಚ್ ಅಥವಾ ಅದಕ್ಕೂ ದೊಡ್ಡ ಬ್ಯಾಟರಿ ಇರುತ್ತದೆ. ಸಂಜೆ ಏಳರಿಂದ ಬೆಳಿಗ್ಗೆ ಏಳು, ತಂಪಾದ ರಾತ್ರಿಗೆ ಫ್ರಿಜ್ ತೆಗೆದುಕೊಳ್ಳುವುದು 14 ಎಎಚ್. ಗೋಕರ್ಣದ ಕಡಲ ಬದಿಯ ಸೆಕೆಗೆ 20 ಎಎಚ್. ಬ್ಯಾಟರಿ ಮೂರು ವರ್ಷ ದಾಟಿಲ್ಲದಿದ್ದರೆ ಬೆಳಿಗ್ಗೆ ಆರಾಮಾಗಿ ಸೆಲ್ಫ್ ತೆಗೆದುಕೊಳ್ಳುತ್ತದೆ. 35 ಎಎಚ್‌ನ ಸಣ್ಣ ಪೆಟ್ರೋಲ್ ಕಾರಿನಲ್ಲಿ ಮಾತ್ರ ಈ ಆಟ ಬೇಡ, 20 ಹೋದರೆ ಅರ್ಧಕ್ಕಿಂತ ಹೆಚ್ಚು ಹೋಯಿತು. ಸ್ಟಾರ್ಟ್ ಮಾಡುವ ಸೀಸದ ಬ್ಯಾಟರಿಯನ್ನು ಪದೇ ಪದೇ ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯುಸ್ಸು ಬೇಗ ಮುಗಿಯುತ್ತದೆ.

ಈ ನೇರ ಲೈನ್‌ಗೆ ಬೇಕಾದದ್ದು: 6 ಸ್ಕ್ವೇರ್ ಎಂಎಂ ಬಹುತಂತಿಯ ತಾಮ್ರದ ವೈರ್, ಕೆಂಪು 6 ಮೀಟರ್, ಕಪ್ಪು 6 ಮೀಟರ್, ನೀರು ಹೋಗದ ಮುಚ್ಚಳವಿರುವ ಬ್ಲೇಡ್ ಫ್ಯೂಸ್ ಹೋಲ್ಡರ್, 15 ಆಂಪ್ ಫ್ಯೂಸ್, 50 ಆಂಪ್‌ನ ಆಂಡರ್ಸನ್ ಕನೆಕ್ಟರ್ (ಕೈಯಲ್ಲಿ ಎಳೆದು ಬಿಚ್ಚುವ ಗಟ್ಟಿ ಪ್ಲಗ್) ಒಂದು ಜೋಡಿ, 6 ಸ್ಕ್ವೇರ್ ಥಿಂಬಲ್‌ಗಳು (ವೈರ್ ತುದಿಗೆ ಒತ್ತಿ ಕೂರಿಸುವ ಲೋಹದ ಕಿವಿಗಳು), ಒಳಗೆ ಅಂಟಿರುವ ಹೀಟ್-ಶ್ರಿಂಕ್ ಸ್ಲೀವ್, ಸೀಳಿರುವ ಸುರುಳಿ ಪೈಪ್. ಬೆಂಗಳೂರಿನವರಿಗೆ ಎಸ್.ಪಿ. ರೋಡ್‌ನಲ್ಲಿ ಅರ್ಧ, ಜೆ.ಸಿ. ರೋಡ್‌ನಲ್ಲಿ ಇನ್ನರ್ಧ ಸಿಗುತ್ತದೆ. 6 ಸ್ಕ್ವೇರ್‌ಗೆ ಏರಿದರೆ 10 ಮೀಟರ್ ದಾರಿಯ ನಷ್ಟ 5 ಆಂಪ್‌ಗೆ 0.15 ವೋಲ್ಟ್ ಮಾತ್ರ. 4 ಸ್ಕ್ವೇರ್ ಆದರೆ 0.22. ಅದೂ ನಡೆಯುತ್ತದೆ, ಆದರೆ ವೈರ್ ಎಳೆಯುವ ಕಷ್ಟ ಎರಡಕ್ಕೂ ಒಂದೇ, ಹಾಗಾಗಿ 6 ಹಾಕಿ.

ಫ್ಯೂಸ್ ಬ್ಯಾಟರಿಯ ಪ್ಲಸ್‌ನಿಂದ ಒಂದು ಗೇಣಿನೊಳಗೆ ಇರಬೇಕು. ಫ್ಯೂಸ್ ಇರುವುದು ಫ್ರಿಜ್ ಕಾಪಾಡಲು ಅಲ್ಲ, ವೈರ್ ಕಾಪಾಡಲು. ಡಿಕ್ಕಿಯ ಬಳಿ ಫ್ಯೂಸ್ ಇಟ್ಟು, ನಡುವೆ ಸೀಟಿನ ಕಬ್ಬಿಣಕ್ಕೆ ಉಜ್ಜಿ ವೈರ್ ಶಾರ್ಟ್ ಆದರೆ ಆ ಫ್ಯೂಸ್ ಇದ್ದೂ ಇಲ್ಲದಂತೆ.

ಈ ಲೈನ್‌ನಲ್ಲಿ ಕೀ ಆಫ್ ಆದರೂ ಫ್ರಿಜ್ ಓಡುತ್ತಲೇ ಇರುತ್ತದೆ. ಊರಿಗೆ ಮರಳಿದ ಮೇಲೆ ಆಂಡರ್ಸನ್ ಎಳೆದಿಡುವುದನ್ನು ಮರೆತರೆ ಸೋಮವಾರ ಆಫೀಸಿಗೆ ಹೊರಡುವಾಗ ಗೊತ್ತಾಗುತ್ತದೆ.

ಎರಡು ದಿನಕ್ಕೂ ಮೇಲೆ: ಎರಡನೇ ಬ್ಯಾಟರಿ

ಗಾಡಿ ಅಲ್ಲಾಡಿಸದೆ ಎರಡು ಮೂರು ದಿನ ಒಂದೇ ಕಡೆ ಬಿಡಾರ ಹೂಡುವವರಿಗೆ ಮಾತ್ರ ಇದು ಬೇಕು. ಮನೆಯ ಯುಪಿಎಸ್‌ನ 150 ಎಎಚ್ ಟ್ಯೂಬ್ಯುಲರ್ ಬ್ಯಾಟರಿಯನ್ನೇ ಡಿಕ್ಕಿಗೆ ಹಾಕುವ ಯೋಚನೆ ಅನೇಕರಿಗೆ ಬರುತ್ತದೆ. ತೂಕ 50 ಕಿಲೋ ಮೀರುತ್ತದೆ, ಘಾಟಿಯ ತಿರುವಿನಲ್ಲಿ ಆಸಿಡ್ ತುಳುಕುತ್ತದೆ, ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಜನ ಕೂರುವ ಜಾಗದಲ್ಲಿ ಅದು ಬೇಡ. ಲಿಥಿಯಂ ಐರನ್ ಫಾಸ್ಫೇಟ್, ಅಂಗಡಿಯವರ ಬಾಯಲ್ಲಿ ಎಲ್‌ಎಫ್‌ಪಿ, 12.8 ವೋಲ್ಟ್ 100 ಎಎಚ್ ತೆಗೆದುಕೊಳ್ಳಿ. 10-12 ಕಿಲೋ ತೂಗುತ್ತದೆ, 80 ಎಎಚ್ ಧಾರಾಳವಾಗಿ ಬಳಸಬಹುದು. ತಂಪಿನಲ್ಲಿ ಮೂರು ದಿನ, ಬಿಸಿಲಿನಲ್ಲಿ ಒಂದೂ ಕಾಲು ದಿನ.

ತಂದ ದಿನವೇ ಅದರ ಕೆಪಾಸಿಟಿ ನೋಡಿಬಿಡಿ, ಏಕೆಂದರೆ ಸ್ಟಿಕ್ಕರ್ ಮೇಲಿನ 100 ಒಳಗೆ 70 ಇರುವುದುಂಟು. ಹಳೆಯ ಎಚ್4 ಹೆಡ್‌ಲೈಟ್ ಬಲ್ಬ್‌ನ ಡಿಮ್ ತಂತಿ ಈ ವೋಲ್ಟೇಜ್‌ನಲ್ಲಿ 4.5ರಿಂದ 5 ಆಂಪ್ ಎಳೆಯುತ್ತದೆ. ಫುಲ್ ಚಾರ್ಜ್ ಮಾಡಿ, ಎರಡು ಬಲ್ಬ್ ಪ್ಯಾರಲಲ್ ಆಗಿ ಸಿಕ್ಕಿಸಿ, ಟೈಲ್ ಮೇಲೆ ಇಟ್ಟು ಬಿಡಿ; ಗಾಜು ಕೆಂಡದಷ್ಟು ಬಿಸಿಯಾಗುತ್ತದೆ, ಮಕ್ಕಳ ಕೈಗೆ ಸಿಗಬಾರದು. ಹತ್ತು ಗಂಟೆ ಉರಿದರೆ ಬ್ಯಾಟರಿ ನಿಜವಾದದ್ದು. ಏಳು ಗಂಟೆಗೆ ಆರಿದರೆ ವಾಪಸ್ ಕೊಡಿ. ಆಂಪ್ ಅಳೆಯಲು ಕ್ಲ್ಯಾಂಪ್ ಮೀಟರ್ ಕೊಳ್ಳುವವರು ಡಿಸಿ ಅಳೆಯುತ್ತದೆಯೇ ಅಂತ ಕೇಳಿ ಕೊಳ್ಳಬೇಕು. ಅಗ್ಗದವು ಎಸಿ ಮಾತ್ರ ತೋರಿಸುತ್ತವೆ, ಇಲ್ಲಿ ಸೊನ್ನೆ ತೋರಿಸಿ ದಾರಿ ತಪ್ಪಿಸುತ್ತವೆ.

ಬ್ಯಾಟರಿಯ ಜಾಗ ಬಾನೆಟ್ ಒಳಗಲ್ಲ. ಎಂಜಿನ್ ಬಿಸಿಗೆ ಎಲ್‌ಎಫ್‌ಪಿ ಬಾಳುವುದಿಲ್ಲ, 55-60 ಡಿಗ್ರಿಗೆ ಬಂದರೆ ಅದರ ಬಿಎಂಎಸ್, ಅಂದರೆ ಒಳಗಿನ ಕಾವಲು ಬೋರ್ಡ್, ಕೈ ಎತ್ತುತ್ತದೆ. ಹಿಂದಿನ ಸೀಟಿನ ಬೆನ್ನಿಗೆ, ನೆಲಕ್ಕೆ ಬೋಲ್ಟ್ ಆದ ಕೊಂಡಿಗಳಿಗೆ ಪಟ್ಟಿ ಹಾಕಿ ಬಿಗಿಯಬೇಕು. ತುಂಬಿದ ಫ್ರಿಜ್ 30 ಕಿಲೋ ದಾಟುತ್ತದೆ, ಅದನ್ನೂ ಹಾಗೆಯೇ. ಜೋರಾಗಿ ಬ್ರೇಕ್ ಹಿಡಿದಾಗ ಮುಂದಿನ ಸೀಟಿನವರ ತಲೆಗೆ ಬರುವ ಸಾಮಾನು ಇವೆರಡೇ.

ರಿಲೇ ಬೇಡ, ಡಿಸಿ-ಡಿಸಿ ಚಾರ್ಜರ್ ಬೇಕು

ಹಿಂದೆ ಎರಡು ಬ್ಯಾಟರಿ ನಡುವೆ ಒಂದು ವೋಲ್ಟೇಜ್ ರಿಲೇ (ವೋಲ್ಟ್ ಏರಿದಾಗ ತಾನೇ ಕೂಡುವ ಸ್ವಿಚ್) ಹಾಕಿ ಕೈತೊಳೆದುಕೊಳ್ಳುತ್ತಿದ್ದರು. ಎಂಜಿನ್ ಓಡಿದರೆ ಡೈನಮೋ 14 ವೋಲ್ಟ್ ಕೊಡುತ್ತಿತ್ತು, ರಿಲೇ ಕೂಡುತ್ತಿತ್ತು. ಈಗಿನ ಬಿಎಸ್ 6 ಗಾಡಿಗಳಲ್ಲಿ ಅನೇಕದರ ಆಲ್ಟರ್ನೇಟರ್, ಅಂದರೆ ಅದೇ ಡೈನಮೋ, ಡೀಸೆಲ್ ಉಳಿಸಲು ನಾಟಕ ಆಡುತ್ತದೆ. ಆಕ್ಸಿಲರೇಟರ್ ಒತ್ತಿದಾಗ 12.5ರ ಹತ್ತಿರಕ್ಕೆ ಇಳಿಯುತ್ತದೆ, ಕಾಲು ತೆಗೆದು ಗಾಡಿ ಇಳಿಜಾರಿಗೆ ಬಿಟ್ಟಾಗ 14.8ಕ್ಕೆ ಹಾರುತ್ತದೆ. ರಿಲೇ ಕಟಕಟ ಅನ್ನುತ್ತಾ ಇರುತ್ತದೆ, ಹಿಂದಿನ ಬ್ಯಾಟರಿ ಎಂದೂ ತುಂಬುವುದಿಲ್ಲ. ಸಾಲದ್ದಕ್ಕೆ ಖಾಲಿಯಾದ ಎಲ್‌ಎಫ್‌ಪಿಯನ್ನು ನೇರವಾಗಿ ಡೈನಮೋಗೆ ತಗುಲಿಸಿದರೆ ಅದು ಕೊಟ್ಟಷ್ಟೂ ನುಂಗುತ್ತದೆ. ಸಣ್ಣ ವೈರ್, ಸಣ್ಣ ಡೈನಮೋ ಎರಡೂ ಬಿಸಿಯಾಗುತ್ತವೆ.

ಡಿಸಿ-ಡಿಸಿ ಚಾರ್ಜರ್ ಎಷ್ಟು ಬಂದರೂ ತೆಗೆದುಕೊಂಡು ತನ್ನ ಕಡೆಯಿಂದ ಸರಿಯಾದ 14.2 ವೋಲ್ಟ್ ಕೊಡುತ್ತದೆ, ಆಂಪ್‌ಗೂ ಮಿತಿ ಇರುತ್ತದೆ. ಫ್ರಿಜ್ ಒಂದಕ್ಕೆ 20 ಆಂಪ್‌ನದು ಸಾಕು. 20 ಆಂಪ್ ಹೊರಗೆ ಕೊಡಲು ಅದು ಒಳಗೆ 25 ಆಂಪ್ ಎಳೆಯುತ್ತದೆ, ಏಕೆಂದರೆ ಕಡಿಮೆ ವೋಲ್ಟನ್ನು ಏರಿಸಬೇಕು, ಜೊತೆಗೆ ನೂರಕ್ಕೆ 12ರಷ್ಟು ಬಿಸಿಯಾಗಿ ಹೋಗುತ್ತದೆ. ವೈರ್ ಮತ್ತು ಫ್ಯೂಸ್ ಆರಿಸುವುದು ಈ 25ಕ್ಕೆ, 20ಕ್ಕಲ್ಲ. ಬೆಂಗಳೂರಿನಿಂದ ಸಕಲೇಶಪುರದವರೆಗಿನ ನಾಲ್ಕೂವರೆ ಗಂಟೆಯ ಓಟದಲ್ಲಿ, ಫ್ರಿಜ್ ತಿನ್ನುವುದನ್ನು ಕಳೆದರೂ, 75 ಎಎಚ್ ತುಂಬುತ್ತದೆ.

ವೈರ್ ಎಳೆಯುವ ಕೆಲಸ

ಡಿಸಿ-ಡಿಸಿಗೆ ಮುಂದಿನಿಂದ ಹಿಂದಕ್ಕೆ 16 ಸ್ಕ್ವೇರ್ ಎಂಎಂ. 6 ಮೀಟರ್ ದೂರಕ್ಕೆ 25 ಆಂಪ್‌ನಲ್ಲಿ 0.33 ವೋಲ್ಟ್ ನಷ್ಟ. 10 ಸ್ಕ್ವೇರ್ ಆದರೆ 0.52. ಮನೆ ವೈರಿಂಗ್‌ನ ಕಾಯಿಲ್‌ಗಿಂತ ವೆಲ್ಡಿಂಗ್ ಕೇಬಲ್ ವಾಸಿ. ತಂತಿಗಳು ಕೂದಲಿನಷ್ಟು ಸಣ್ಣ, ರಬ್ಬರ್ ಹೊದಿಕೆ ಎಣ್ಣೆಗೂ ಬಿಸಿಗೂ ತಡೆಯುತ್ತದೆ, ಮೂಲೆಯಲ್ಲಿ ಸರಾಗ ಬಾಗುತ್ತದೆ. ಕೊಳ್ಳುವಾಗ ತುದಿಯ ಎರಡು ತಂತಿಯನ್ನು ಬ್ಲೇಡ್‌ನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ತಾಮ್ರದ ಲೇಪವಿರುವ ಅಲ್ಯೂಮಿನಿಯಂ, ಅಲ್ಲೇ ಬಿಟ್ಟು ಬನ್ನಿ.

ಕೆಲಸ ಶುರು ಮಾಡುವ ಮೊದಲು 10ರ ಸ್ಪ್ಯಾನರ್ ಹಾಕಿ ಗಾಡಿಯ ಬ್ಯಾಟರಿಯ ಮೈನಸ್ ಬಿಚ್ಚಿ, ಬಟ್ಟೆ ಸುತ್ತಿ ಬದಿಗಿಡಿ. ಕೀ ಗಾಡಿಯೊಳಗೆ ಇರಬಾರದು, ಸೆಂಟ್ರಲ್ ಲಾಕ್ ಬಿದ್ದರೆ ಪಂಚಾಯಿತಿ.

ಎಂಜಿನ್‌ಗೂ ಕ್ಯಾಬಿನ್‌ಗೂ ನಡುವಿನ ತಗಡಿನ ಗೋಡೆ, ಅಂದರೆ ಫೈರ್‌ವಾಲ್‌ನಲ್ಲಿ ಹೊಸ ತೂತು ಕೊರೆಯುವ ಅವಶ್ಯಕತೆ ಸಾಮಾನ್ಯವಾಗಿ ಬರುವುದಿಲ್ಲ. ಕಂಪನಿಯ ವೈರಿಂಗ್ ಹಾದುಹೋಗುವ ದೊಡ್ಡ ರಬ್ಬರ್ ಗ್ರೋಮೆಟ್‌ನಲ್ಲಿ ಬಳಸದ ಮೊಲೆಯಂಥ ತುದಿ ಒಂದಾದರೂ ಇರುತ್ತದೆ. ಅದರ ತುದಿ ಕತ್ತರಿಸಿ, ಗಟ್ಟಿ ಕಬ್ಬಿಣದ ತಂತಿಗೆ ಕೇಬಲ್ ತುದಿಯನ್ನು ಟೇಪ್ ಸುತ್ತಿ ಕಟ್ಟಿ, ಸೋಪಿನ ನೀರು ಸವರಿ ಒಳಗಿನಿಂದ ಎಳೆದರೆ ಬರುತ್ತದೆ. ಎಳೆದ ಮೇಲೆ ಸುತ್ತ ಸಿಲಿಕೋನ್ ಹಾಕಿ. ಮಳೆಗಾಲದಲ್ಲಿ ಇಲ್ಲಿಂದಲೇ ನೀರು ಇಳಿದು ಕಾರ್ಪೆಟ್ ನಾರುತ್ತದೆ.

ಅಲ್ಲಿಂದ ಬಾಗಿಲಿನ ಹೊಸ್ತಿಲ ಪ್ಲಾಸ್ಟಿಕ್ ಪಟ್ಟಿಯ ಕೆಳಗೆ ಹಿಂದಕ್ಕೆ. ಹಳದಿ ಸುತ್ತು ಇರುವ ವೈರ್, ಹಳದಿ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗ್ ಮತ್ತು ಸೀಟ್ ಬೆಲ್ಟ್ ಟೆನ್ಷನರ್‌ದು. ಅದಕ್ಕೆ ಕಟ್ಟಬೇಡಿ, ಅದರ ಜೊತೆ ಸೇರಿಸಿ ಸುತ್ತಬೇಡಿ. ಸೀಟ್ ಜಾರುವ ಹಳಿಯ ಕೆಳಗೆ ಹಾಯಿಸಬೇಡಿ. ಗಾಡಿಯ ಅಡಿಯಿಂದ ಎಳೆಯುವ ಸುಲಭದ ದಾರಿ ಕೆಲವರು ಹಿಡಿಯುತ್ತಾರೆ. ಸೈಲೆನ್ಸರ್ ಬಿಸಿ, ಕಲ್ಲು, ಇಲಿ ಮೂರೂ ಅಲ್ಲಿ ಕಾದಿರುತ್ತವೆ.

ಮೈನಸ್ ಎಲ್ಲಿಗೆ? ಬ್ಯಾಟರಿಯ ಮೈನಸ್ ತುದಿಯಲ್ಲಿ ಸಣ್ಣ ಕಪ್ಪು ಪೆಟ್ಟಿಗೆಯಂಥ ಸೆನ್ಸರ್ ಕೂತಿದ್ದರೆ, ಸಿಗ್ನಲ್‌ನಲ್ಲಿ ತಾನೇ ನಿಲ್ಲುವ ಗಾಡಿಗಳಲ್ಲಿ ಇದು ಸಾಮಾನ್ಯ, ನೇರ ಆ ತುದಿಗೆ ಕೊಡಬಾರದು. ಹಾಗೆ ಕೊಟ್ಟರೆ ಹಿಂದಕ್ಕೆ ಹರಿಯುವ ಕರೆಂಟ್ ಸೆನ್ಸರ್‌ನ ಲೆಕ್ಕಕ್ಕೇ ಬರುವುದಿಲ್ಲ, ಗಾಡಿಯ ಕಂಪ್ಯೂಟರ್ ಬ್ಯಾಟರಿಯ ಸ್ಥಿತಿಯನ್ನು ತಪ್ಪು ತಿಳಿಯುತ್ತದೆ. ಬ್ಯಾಟರಿಯ ಮೈನಸ್ ಕೇಬಲ್ ಬಾಡಿಗೆ ಬೋಲ್ಟ್ ಆಗುವ ಜಾಗಕ್ಕೇ ಕೊಡಿ. ಲ್ಯಾಡರ್ ಚಾಸಿಸ್ ಇರುವ ಬೊಲೆರೊ, ಸ್ಕಾರ್ಪಿಯೊ ಥರದ ಗಾಡಿಗಳಲ್ಲಿ ಬಾಡಿ ರಬ್ಬರ್ ಬುಷ್ ಮೇಲೆ ಕೂತಿರುತ್ತದೆ, ಡಿಕ್ಕಿಯ ಬಳಿ ಚಾಸಿಸ್‌ಗೆ ಅರ್ಥ್ (ಮೈನಸ್) ಕೊಟ್ಟು, ಅದನ್ನು ಮುಂದೆ ಬಾಡಿಯಲ್ಲಿ ಹುಡುಕುವಂತೆ ಆಗಬಾರದು. ಅದಕ್ಕೇ ಮೈನಸ್ ಕೇಬಲ್ಲನ್ನೂ ಹಿಂದಿನವರೆಗೆ ಎಳೆದುಬಿಡುವುದು ತಲೆನೋವಿಲ್ಲದ ದಾರಿ. ಸೀಟ್ ಬೆಲ್ಟ್‌ನ ಬೋಲ್ಟ್ ಬಿಚ್ಚಿ ಅದರಡಿ ಥಿಂಬಲ್ ಸಿಕ್ಕಿಸುವುದು ಮಾತ್ರ ಯಾವ ಕಾರಣಕ್ಕೂ ಬೇಡ.

ಥಿಂಬಲ್ ಒತ್ತಲು ಹೈಡ್ರಾಲಿಕ್ ಕ್ರಿಂಪರ್ ಬೇಕು, ಆರು ಮೂಲೆಯ ಅಚ್ಚಿರುವಂಥದ್ದು. ಇಲ್ಲದವರು ಬ್ಯಾಟರಿ ಕೇಬಲ್ ಮಾಡಿಕೊಡುವ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಒತ್ತಿಸಿಕೊಳ್ಳಿ. ಸುತ್ತಿಗೆಯಿಂದ ಬಡಿದ ಥಿಂಬಲ್ ಮೊದಲ ದಿನ ಗಟ್ಟಿ ಅನ್ನಿಸುತ್ತದೆ, ಆರು ತಿಂಗಳ ಹಳ್ಳದ ರಸ್ತೆಗೆ ಸಡಿಲವಾಗಿ ಅಲ್ಲೇ ಕಪ್ಪಾಗುತ್ತದೆ. ಸೀಸದ ಬೆಸುಗೆಯೂ ಬೇಡ. ಬೆಸುಗೆ ಮುಗಿದು ಮೆತ್ತಗಿನ ತಂತಿ ಶುರುವಾಗುವ ಗೆರೆಯಲ್ಲೇ ಅದು ನಡುಗಿ ತುಂಡಾಗುತ್ತದೆ.

ಹಲಗೆ, ಫ್ಯೂಸ್, ಕೀ ಲೈನ್

12 ಎಂಎಂ ಪ್ಲೈವುಡ್‌ನ ಒಂದು ಅಡಿ ಅಗಲ, ಒಂದೂವರೆ ಅಡಿ ಉದ್ದದ ಹಲಗೆ ಮೇಲೆ ಡಿಸಿ-ಡಿಸಿ, ಫ್ಯೂಸ್ ಬಾಕ್ಸ್, ಬ್ಯಾಟರಿಗೆ ಹೋಗಿ ಬರುವ ಆಂಪ್ ಎಣಿಸುವ ಶಂಟ್ ಮೀಟರ್ ಎಲ್ಲ ಕೂರಿಸಿ, ಮನೆಯಲ್ಲೇ ಟೇಬಲ್ ಮೇಲೆ ವೈರಿಂಗ್ ಮುಗಿಸಿ ಆಮೇಲೆ ಗಾಡಿಗೆ ಏರಿಸಿದರೆ ಡಿಕ್ಕಿಯಲ್ಲಿ ಬಗ್ಗಿ ನರಳುವುದು ತಪ್ಪುತ್ತದೆ. ಡಿಸಿ-ಡಿಸಿಯ ರೆಕ್ಕೆಗಳು ನಿಂತ ದಿಕ್ಕಿನಲ್ಲಿರಲಿ, ಮೇಲೆ ಕೆಳಗೆ ಒಂದು ಗೇಣು ಖಾಲಿ ಬಿಡಿ. 40 ಡಿಗ್ರಿ ದಾಟಿದರೆ ಅದು ತಾನಾಗಿ ಆಂಪ್ ಇಳಿಸುತ್ತದೆ. ಮೇಲೆ ಮಲಗುವ ಚೀಲ ಒತ್ತರಿಸಿಟ್ಟು 20 ಆಂಪ್ ಬರುತ್ತಿಲ್ಲ ಅಂತ ದೂರುವುದುಂಟು.

ಮುಂದಿನ ಬ್ಯಾಟರಿಯ ಬಳಿ 40 ಆಂಪ್ ಫ್ಯೂಸ್. ಡಿಸಿ-ಡಿಸಿಯಿಂದ ಹಿಂದಿನ ಬ್ಯಾಟರಿಗೆ 6 ಸ್ಕ್ವೇರ್ ವೈರ್, ಬ್ಯಾಟರಿ ಕಡೆಯ ತುದಿಯಲ್ಲಿ 30 ಆಂಪ್ ಫ್ಯೂಸ್. ಫ್ರಿಜ್ ಲೈನ್‌ಗೆ 15. ಇವಲ್ಲದೆ ಎಲ್‌ಎಫ್‌ಪಿಯ ಪ್ಲಸ್ ತುದಿಯ ಮೇಲೇ ಕೂರುವ 60 ಆಂಪ್‌ನ ಎಂಆರ್‌ಬಿಎಫ್ ಫ್ಯೂಸ್ ಒಂದು, ಅಲ್ಲಿಂದ ಹಲಗೆಯವರೆಗೆ 16 ಸ್ಕ್ವೇರ್. ಇದನ್ನು ಆನ್‌ಲೈನ್‌ನಲ್ಲಿ ತರಿಸಬೇಕಾಗುತ್ತದೆ, ಆದರೂ ಬಿಡಬೇಡಿ. ಸಾಮಾನ್ಯ ಬ್ಲೇಡ್ ಫ್ಯೂಸ್ ಸಾವಿರ ಆಂಪ್‌ವರೆಗಿನ ಶಾರ್ಟ್ ಮಾತ್ರ ಕ್ಷೇಮವಾಗಿ ಕಡಿಯುತ್ತದೆ. ಲಿಥಿಯಂ ಬ್ಯಾಟರಿ ಶಾರ್ಟ್ ಆದರೆ ಅದಕ್ಕೂ ಮೀರಿ ಕಕ್ಕಬಲ್ಲದು, ಆಗ ಫ್ಯೂಸ್ ಕರಗಿದರೂ ಒಳಗೆ ಕಿಡಿ ಹೊತ್ತಿಕೊಂಡು ಕರೆಂಟ್ ಹರಿಯುತ್ತಲೇ ಇರುತ್ತದೆ.

ಶಂಟ್ ಮೀಟರ್ ಹಾಕಿದರೆ ಬ್ಯಾಟರಿಯ ಮೈನಸ್‌ನಿಂದ ಶಂಟ್‌ಗೆ ಒಂದೇ ಕೇಬಲ್, ಬೇರೆಲ್ಲ ಮೈನಸ್‌ಗಳೂ ಶಂಟ್‌ನ ಆಚೆ ಬದಿಗೆ. ಒಂದೇ ಒಂದು ಮೈನಸ್ ನೇರ ಬ್ಯಾಟರಿಗೆ ಹೋದರೂ ಮೀಟರ್ ಸುಳ್ಳು ಹೇಳುತ್ತದೆ. ವೋಲ್ಟ್ ನೋಡಿ ಎಲ್‌ಎಫ್‌ಪಿ ಎಷ್ಟಿದೆ ಅಂತ ಹೇಳಲು ಬರುವುದಿಲ್ಲ: ಮುಕ್ಕಾಲಿದ್ದಾಗಲೂ ಅರ್ಧವಿದ್ದಾಗಲೂ 13.2ರ ಆಸುಪಾಸೇ.

ಡಿಸಿ-ಡಿಸಿ ಯಾವಾಗ ಓಡಬೇಕು ಅನ್ನುವುದನ್ನು ಕೀ ಲೈನ್ ಹೇಳುತ್ತದೆ. ಡ್ಯಾಶ್‌ಬೋರ್ಡ್ ಕೆಳಗಿನ ಫ್ಯೂಸ್ ಬಾಕ್ಸ್‌ನಲ್ಲಿ ಇಗ್ನಿಷನ್ ಆನ್ ಆದಾಗ ಮಾತ್ರ ಜೀವ ಬರುವ ಫ್ಯೂಸ್ ಹುಡುಕಿ, ಅಲ್ಲಿ ಫ್ಯೂಸ್ ಟ್ಯಾಪ್ (ಫ್ಯೂಸ್ ಜಾಗದಿಂದಲೇ ಇನ್ನೊಂದು ಲೈನ್ ತೆಗೆಯುವ ಕೊಂಡಿ) ಸಿಕ್ಕಿಸಿ, 2 ಆಂಪ್ ಹಾಕಿ ಸಣ್ಣ ವೈರ್ ಹಿಂದಕ್ಕೆ ಎಳೆಯಿರಿ. ಆಕ್ಸೆಸರಿ ಲೈನ್ ಬೇಡ: ಹಾಡು ಕೇಳುತ್ತಾ ಕೂತಾಗಲೂ 25 ಆಂಪ್ ಹಿಂದಕ್ಕೆ ಹರಿಯುತ್ತದೆ, ಅರ್ಧ ಗಂಟೆಯಲ್ಲಿ 12 ಎಎಚ್. ಕಂಪನಿಯ ವೈರ್ ಕತ್ತರಿಸಿ ಜೋಡಿಸಿದರೆ ವಾರಂಟಿ ತಕರಾರು ಬರುತ್ತದೆ. ಟ್ಯಾಪ್ ಆದರೆ ಕಿತ್ತರೆ ಗುರುತೂ ಉಳಿಯುವುದಿಲ್ಲ.

ಎಲ್ಲ ಬಿಗಿದ ಮೇಲೆ ಫ್ಯೂಸ್‌ಗಳನ್ನು ಹಾಕುವ ಸರದಿ: ಮೊದಲು ಹಿಂದಿನ ಬ್ಯಾಟರಿ, ಆಮೇಲೆ ಮುಂದಿನದು. ಡಿಸಿ-ಡಿಸಿಯಲ್ಲಿ ಬ್ಯಾಟರಿ ಬಗೆ ಎಲ್‌ಎಫ್‌ಪಿ ಅಂತ ಆರಿಸಿ, 14.2 ವೋಲ್ಟ್, ಫ್ಲೋಟ್ (ತುಂಬಿದ ಮೇಲೆ ಹಿಡಿದಿಡುವ ವೋಲ್ಟ್) 13.5. ಸೀಸದ ಬ್ಯಾಟರಿಯ ಸೆಟ್ಟಿಂಗ್‌ನಲ್ಲೇ ಬಿಟ್ಟರೆ 14.7ರವರೆಗೆ ತಳ್ಳಿ ಬಿಎಂಎಸ್ ಕಟ್ ಮಾಡುವುದುಂಟು.

ಅಳೆದು ನೋಡುವುದು

ಕಂಪ್ರೆಸರ್ ಓಡುತ್ತಿರಬೇಕು, ಇಲ್ಲದಿದ್ದರೆ ಅಳತೆಗೆ ಅರ್ಥವಿಲ್ಲ. ಮಲ್ಟಿಮೀಟರ್‌ನ ಕೆಂಪು ಕಡ್ಡಿ ಬ್ಯಾಟರಿಯ ಪ್ಲಸ್‌ಗೆ, ಕಪ್ಪು ಕಡ್ಡಿ ಫ್ರಿಜ್ ಪ್ಲಗ್‌ನ ಪ್ಲಸ್‌ಗೆ ಇಟ್ಟರೆ ಆ ದಾರಿಯ ನಷ್ಟ ಮಾತ್ರ ಕಾಣುತ್ತದೆ. ಮೈನಸ್‌ಗೂ ಹಾಗೇ. ಎರಡೂ ಸೇರಿ 0.3 ದಾಟಬಾರದು. ಪ್ಲಸ್‌ನಲ್ಲಿ 0.08, ಮೈನಸ್‌ನಲ್ಲಿ 0.4 ಅಂತ ಬಂದರೆ ಪೇಂಟ್ ಕೆರೆಯದೆ ಅರ್ಥ್ ಕೊಟ್ಟಿದ್ದೀರಿ ಅಂತಲೇ ಲೆಕ್ಕ. ಅರ್ಧ ಗಂಟೆ ಓಡಿಸಿ ಪ್ರತಿ ಜೋಡಣೆಯನ್ನೂ ಬರಿಗೈಯಲ್ಲಿ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಬಿಚ್ಚಿ ಮತ್ತೆ ಒತ್ತಿ. ಸಿಗರೇಟ್ ಪ್ಲಗ್ ಈ ಪರೀಕ್ಷೆಯಲ್ಲಿ ಪಾಸಾಗುವುದು ಅಪರೂಪ.

ಕೈಕೊಡುವ ಕಡೆಗಳು

ಡ್ಯಾನ್‌ಫಾಸ್, ಈಗಿನ ಸೆಕಾಪ್ ಕಂಪ್ರೆಸರ್ ಇರುವ ಫ್ರಿಜ್ ಆದರೆ ಬೋರ್ಡ್‌ನ ಎಲ್‌ಇಡಿ ಎಷ್ಟು ಸಲ ಮಿಣುಕುತ್ತದೆ ಎಣಿಸಿ. ಒಂದು ಸಲ: ವೋಲ್ಟೇಜ್ ಕಡಿಮೆ. ಎರಡು: ಫ್ಯಾನ್ ಹೆಚ್ಚು ಕರೆಂಟ್ ಎಳೆಯುತ್ತಿದೆ, ಧೂಳು ಹಿಡಿದು ಸಿಕ್ಕಿಕೊಂಡಿರುತ್ತದೆ. ಮೂರು: ಕಂಪ್ರೆಸರ್ ಹೊರಡಲಾಗುತ್ತಿಲ್ಲ, ನಿಲ್ಲಿಸಿ ಐದು ನಿಮಿಷ ಬಿಟ್ಟು ನೋಡಿ. ನಾಲ್ಕು: ವೇಗ ಉಳಿಸಿಕೊಳ್ಳಲಾಗುತ್ತಿಲ್ಲ. ಐದು: ಬೋರ್ಡ್ ಕಾದಿದೆ, ಗಾಳಿಯ ಕಿಂಡಿಗೆ ಏನೋ ಒತ್ತಿಕೊಂಡಿದೆ. ಕಿಂಡಿಯ ಮುಂದೆ ನಾಲ್ಕು ಬೆರಳಗಲಕ್ಕಿಂತ ಕಡಿಮೆ ಜಾಗ ಬಿಟ್ಟರೆ ಬಿಸಿಗಾಳಿಯನ್ನೇ ಮತ್ತೆ ಎಳೆದುಕೊಂಡು ಕಂಪ್ರೆಸರ್ ನಿಲ್ಲುವುದೇ ಇಲ್ಲ.

ಹಿಂದಿನ ಬ್ಯಾಟರಿಯಲ್ಲಿ ಮೀಟರ್ ಇಟ್ಟರೆ ಸೊನ್ನೆ ಅಥವಾ ಎರಡು ಮೂರು ವೋಲ್ಟ್ ಕಂಡರೆ ಬ್ಯಾಟರಿ ಸತ್ತಿಲ್ಲ, ಬಿಎಂಎಸ್ ಬಾಗಿಲು ಹಾಕಿಕೊಂಡಿದೆ. ಎಲ್ಲ ಲೋಡ್ ಕಿತ್ತು, ಲಿಥಿಯಂ ಚಾರ್ಜರ್ ತಗುಲಿಸಿದರೆ ಎಚ್ಚರವಾಗುತ್ತದೆ. ಕೆಲವು ಡಿಸಿ-ಡಿಸಿಗಳು ಆಚೆ ಬದಿ ವೋಲ್ಟ್ ಕಾಣದಿದ್ದರೆ ಚಾರ್ಜ್ ಶುರುವನ್ನೇ ಮಾಡುವುದಿಲ್ಲ. ಕಾಡಿನಂಚಿನಲ್ಲಿ ಈ ಸ್ಥಿತಿ ಬಾರದಿರಲು, ಎಲ್‌ಎಫ್‌ಪಿಯಿಂದ ಓಡಿಸುವಾಗಲೂ ಫ್ರಿಜ್‌ನ ಪ್ರೊಟೆಕ್ಷನ್ ಮೀಡಿಯಂನಲ್ಲಿರಲಿ.

230 ವೋಲ್ಟ್ ಇನ್ವರ್ಟರ್ ಹಾಕಿ, ಅದಕ್ಕೆ ಫ್ರಿಜ್‌ನ ಅಡಾಪ್ಟರ್ ಸಿಕ್ಕಿಸುವುದು ಕೆಟ್ಟ ಚಾಳಿ. 12ರಿಂದ 230, ಮತ್ತೆ 230ರಿಂದ 12, ಐದರಲ್ಲಿ ಒಂದು ಪಾಲು ದಾರಿಯಲ್ಲೇ ಹೋಗುತ್ತದೆ. ಫ್ರಿಜ್ ಮಲಗಿದ್ದಾಗಲೂ ಇನ್ವರ್ಟರ್ ತಾನೇ ಅರ್ಧ ಆಂಪ್ ತಿನ್ನುತ್ತಿರುತ್ತದೆ.

ಸೋಲಾರ್ 100 ವಾಟ್ ಪ್ಯಾನಲ್ ಬಯಲಿನಲ್ಲಿ ಒಳ್ಳೆಯ ಬಿಸಿಲಿಗೆ ದಿನಕ್ಕೆ 25-27 ಎಎಚ್ ಕೊಡುತ್ತದೆ, ತಂಪು ದಿನದ ಖರ್ಚಿಗೆ ಸರಿಹೋಯಿತು. ಮರದ ನೆರಳಿಗೆ ಗಾಡಿ ನಿಲ್ಲಿಸಿದರೆ ಫ್ರಿಜ್‌ಗೆ ಹಿತ, ಪ್ಯಾನಲ್‌ಗೆ ಉಪವಾಸ. ಹಾಗಾಗಿ ಗಾಡಿ ಮೇಲೆ ಬೋಲ್ಟ್ ಮಾಡುವುದಕ್ಕಿಂತ ಹತ್ತು ಮೀಟರ್ ವೈರ್ ಇರುವ ಮಡಚುವ ಪ್ಯಾನಲ್ ವಾಸಿ. ಆಷಾಢದ ಮಲೆನಾಡಿನಲ್ಲಿ ಅದನ್ನು ಒಯ್ಯುವುದೇ ಬೇಡ.

ಒಳಗೆ ಇನ್ಸುಲಿನ್ ಇಡುವವರು ಗೋಡೆಗೆ, ತಳಕ್ಕೆ ತಾಗಿಸಬಾರದು. ಡಿಸ್‌ಪ್ಲೇ 4 ತೋರಿಸುತ್ತಿದ್ದರೂ ಗೋಡೆಯ ತಗಡು ಸೊನ್ನೆಗಿಂತ ಕೆಳಗಿರುತ್ತದೆ, ಹೆಪ್ಪುಗಟ್ಟಿದ ಇನ್ಸುಲಿನ್ ಎಸೆಯಬೇಕಾಗುತ್ತದೆ. ಮೇಲಿನ ಬುಟ್ಟಿಯಲ್ಲಿ, ಬಟ್ಟೆ ಸುತ್ತಿದ ಡಬ್ಬಿಯಲ್ಲಿ ಇಡಿ, ಪಕ್ಕದಲ್ಲೊಂದು ಬೇರೆ ಥರ್ಮಾಮೀಟರ್ ಇರಲಿ.

ಮನೆಗೆ ಬಂದ ಮೇಲೆ ಫ್ರಿಜ್ ಒರೆಸಿ ಮುಚ್ಚಳ ಎರಡು ಬೆರಳು ತೆರೆದಿಡಿ, ಇಲ್ಲದಿದ್ದರೆ ರಬ್ಬರ್ ಅಂಚಿಗೆ ಬೂಷ್ಟು ಹಿಡಿಯುತ್ತದೆ. ಮಹಡಿಗೆ ಒಯ್ಯುವಾಗ ಅಡ್ಡ ಮಲಗಿಸಿದ್ದರೆ ಕಂಪ್ರೆಸರ್ ಎಣ್ಣೆ ಕೆಳಗಿಳಿಯಲು ಕೆಲವು ಗಂಟೆ ನೆಟ್ಟಗೆ ನಿಲ್ಲಿಸಿ ಆಮೇಲೆ ಆನ್ ಮಾಡಿ. ಎಲ್‌ಎಫ್‌ಪಿಯನ್ನು ಅರ್ಧದಿಂದ ಮುಕ್ಕಾಲಿನ ನಡುವೆ ಬಿಟ್ಟು, ಎಂಆರ್‌ಬಿಎಫ್ ಫ್ಯೂಸ್ ಬಿಚ್ಚಿ ಡ್ಯಾಶ್‌ಬೋರ್ಡ್ ಖಾನೆಯಲ್ಲಿಡಿ.